ಫೋನಿನ ಈ ತುದಿ

ತುಮಕೂರು ಸೀಮೆಯವರಿಗೆ ನಾಟಕ ಸಿನಿಮಾ ಆಗುವುದು ಹೊಸ ಸಂಗತಿಯೇನಲ್ಲ. ನಮ್ಮ ಜಿಲ್ಲೆಯ ಗುಬ್ಬಿ ನಾಟಕ ಕಂಪನಿಯ ‘ಬೇಡರ ಕಣ್ಣಪ್ಪ’ 1954ರಲ್ಲಿ ತೆರೆಗೆ ಬಂದಾಗ ನಮ್ಮ ಮನೆಯ ಹಿರಿಯರು ಗಾಡಿ ಕಟ್ಟಿಕೊಂಡು ಹೋಗಿ ನೋಡಿದ್ದರಂತೆ. ಕಥೆ ತಿಳಿಯಲೆಂದು ಹೋದವರಲ್ಲ, ಕಥೆ ಅವರಿಗೆ ಬಾಯಿಪಾಠವಾಗಿತ್ತು. ನಾಟಕದ ಡೇರೆಯಲ್ಲಿ ಹಿಂದಿನ ಸಾಲಿನಿಂದ ಕಂಡಿದ್ದ ಮುಖವನ್ನು ಒಮ್ಮೆ ಹತ್ತಿರದಿಂದ ನೋಡಬೇಕೆಂಬ ಆಸೆ. ಅಜ್ಜಿ ಆ ಸಿನಿಮಾದ ಬಗ್ಗೆ ಹೇಳುತ್ತಿದ್ದುದೆಲ್ಲ ಕಣ್ಣಿನ ವಿಚಾರವೇ. ನಾಟಕದ ಬಗ್ಗೆ ಹೇಳುವಾಗ ಮಾತ್ರ ದನಿಯ ವಿಚಾರ.

ಹಾಗಾಗಿ ನಾಟಕ ತೆರೆಗೆ ಹೋದಾಗ ಏನು ಉಳಿಯುತ್ತದೆ, ಏನು ಸೋರಿಹೋಗುತ್ತದೆ ಎಂಬ ಪ್ರಶ್ನೆ ನನಗೆ ಊರಿನಿಂದಲೇ ಬಂದದ್ದು. ಆದರೆ ಅದನ್ನು ನಾನು ಹೆಚ್ಚು ಕೆದಕಿರುವುದು ಊರಿಗೆ ಬಹುದೂರದ ಒಂದು ನಾಟಕದ ವಿಷಯದಲ್ಲಿ. ಮಾರ್ಟ್ ಕ್ರೌಲಿ ಬರೆದ ‘ದಿ ಬಾಯ್ಸ್ ಇನ್ ದಿ ಬ್ಯಾಂಡ್’ 1968ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಒಂದು ಚಿಕ್ಕ ರಂಗಮಂದಿರದಲ್ಲಿ ಶುರುವಾಗಿ ಸಾವಿರ ಪ್ರದರ್ಶನ ಕಂಡಿತು. 1970ರಲ್ಲಿ ವಿಲಿಯಂ ಫ್ರೀಡ್ಕಿನ್ ಅದನ್ನು ಸಿನಿಮಾ ಮಾಡಿದರು. ರಂಗದ ಮೇಲಿದ್ದ ಒಂಬತ್ತು ನಟರೇ ಕ್ಯಾಮೆರಾದ ಮುಂದೆಯೂ ನಿಂತರು. ಅರ್ಧ ಶತಮಾನದ ನಂತರ ಮತ್ತೆ ಹಾಗೆಯೇ ಆಯಿತು. ಜೋ ಮಾಂಟೆಲೊ 2018ರಲ್ಲಿ ನಾಟಕವನ್ನು ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ತಾಣವಾದ ಬ್ರಾಡ್‌ವೇಗೆ ತಂದರು. ಈ ಸಲದ ಒಂಬತ್ತು ನಟರೂ ತಾವು ಗೇ ಎಂದು ಬಹಿರಂಗವಾಗಿ ಹೇಳಿಕೊಂಡವರು. 2020ರಲ್ಲಿ ಅದೇ ನಿರ್ದೇಶಕರು ಅದೇ ನಟರನ್ನು ಇಟ್ಟುಕೊಂಡು ನೆಟ್‌ಫ್ಲಿಕ್ಸ್‌ಗಾಗಿ ಸಿನಿಮಾ ಮಾಡಿದರು. ಎರಡು ತಲೆಮಾರು, ಎರಡು ಸಿನಿಮಾ, ಒಂದೇ ಮನೆ, ಒಂದೇ ರಾತ್ರಿ.

ನಾನು ಗೇ. ತುಮಕೂರಿನಲ್ಲಿ ಓದಿ, ಇಲ್ಲಿಯೇ ಕೆಲಸಕ್ಕೆ ಸೇರಿ, ಇಲ್ಲಿಯೇ ತಲೆ ಬೆಳ್ಳಗಾಗುತ್ತಿರುವವನು. ಈ ನಾಟಕದ ಬಗ್ಗೆ ತಟಸ್ಥನಾಗಿ ಬರೆಯಲು ನನ್ನಿಂದ ಆಗದು.

ಕಥೆ ಇಷ್ಟು. ಮೈಕೆಲ್ ಎಂಬವನ ಮನೆಯಲ್ಲಿ ಗೆಳೆಯ ಹೆರಾಲ್ಡನ ಹುಟ್ಟುಹಬ್ಬ. ಬಂದವರೆಲ್ಲ ಸಲಿಂಗಿಗಳು. ಡೊನಾಲ್ಡ್ ಇದ್ದಾನೆ. ಹೆಂಡತಿ ಮಕ್ಕಳನ್ನು ಬಿಟ್ಟು ಬಂದ ಮೇಷ್ಟ್ರು ಹ್ಯಾಂಕ್, ಅವನ ಸಂಗಾತಿ ಲ್ಯಾರಿ ಇದ್ದಾರೆ. ಹೆಣ್ಣಿನಂತೆ ಒಯ್ಯಾರ ಮಾಡಿ ಎಲ್ಲರನ್ನೂ ನಗಿಸುವ ಎಮರಿ, ಕಪ್ಪು ಜನಾಂಗದ ಬರ್ನಾರ್ಡ್, ಹೆರಾಲ್ಡನಿಗೆ ಉಡುಗೊರೆಯೆಂದು ದುಡ್ಡು ಕೊಟ್ಟು ಕರೆತಂದ ಒಬ್ಬ ಚೆಲುವ ಹುಡುಗ. ಈ ಗುಂಪಿನ ನಡುವೆ ಕರೆಯದೆ ಬಂದವನು ಅಲನ್, ಮೈಕೆಲ್‌ನ ಕಾಲೇಜಿನ ಕಾಲದ ಸ್ನೇಹಿತ, ಸಂಸಾರಸ್ಥ. ಮಳೆ ಹಿಡಿಯುತ್ತದೆ. ಕುಡಿತ ಬಿಟ್ಟಿದ್ದ ಮೈಕೆಲ್ ಮತ್ತೆ ಬಾಟಲಿಗೆ ಕೈಹಾಕುತ್ತಾನೆ. ಅಲನ್ ಎಮರಿಯ ಮೇಲೆ ಕೈಮಾಡುತ್ತಾನೆ. ಆಮೇಲೆ ಮೈಕೆಲ್ ಒಂದು ಆಟ ಹೂಡುತ್ತಾನೆ: ನಿಮ್ಮ ಜೀವನದಲ್ಲಿ ನಿಜವಾಗಿ ಪ್ರೀತಿಸಿದ ಒಬ್ಬನಿಗೆ ಈಗಲೇ ಫೋನ್ ಮಾಡಬೇಕು. ಮಾಡಿದ್ದಕ್ಕೆ ಇಷ್ಟು ಅಂಕ, ಅವನೇ ಎತ್ತಿದರೆ ಇಷ್ಟು, ನಿಮ್ಮ ಹೆಸರು ಹೇಳಿದರೆ ಇಷ್ಟು, ಪ್ರೀತಿಸುತ್ತೇನೆ ಎಂದು ಬಾಯಿಬಿಟ್ಟು ಹೇಳಿದರೆ ಎಲ್ಲಕ್ಕಿಂತ ಹೆಚ್ಚು.

ಇದು ಕ್ರೂರವಾದ ಆಟ. ಆದರೆ ರಂಗದ ಮೇಲೆ ಇದಕ್ಕಿಂತ ಸರಳವಾಗಿ ಒಬ್ಬನ ಎದೆಯನ್ನು ತೆರೆದಿಡುವ ಇನ್ನೊಂದು ಉಪಾಯವನ್ನು ನಾನು ಕಂಡಿಲ್ಲ. ಬೇಕಾಗಿರುವುದು ಒಂದು ಟೆಲಿಫೋನ್, ಅಷ್ಟೇ. ಆ ತುದಿಯಲ್ಲಿರುವವರ ಮಾತು ನಮಗೆ ಕೇಳಿಸುವುದಿಲ್ಲ. ಈ ತುದಿಯಲ್ಲಿರುವವನ ಮುಖ ನೋಡಿಕೊಂಡು, ಅವನ ಅರ್ಧ ಮಾತುಗಳನ್ನು ಹಿಡಿದುಕೊಂಡು, ಉಳಿದರ್ಧವನ್ನು ನಾವೇ ತುಂಬಿಕೊಳ್ಳಬೇಕು.

ಬರ್ನಾರ್ಡನ ಕರೆಯನ್ನು ನೋಡಿ. ಅವನ ತಾಯಿ ಒಂದು ಸಿರಿವಂತ ಬಿಳಿಯರ ಮನೆಯಲ್ಲಿ ಕೆಲಸ ಮಾಡಿದವಳು. ಆ ಮನೆಯ ಮಗ ಪೀಟರ್‌ನ ಮೇಲೆ ಇವನಿಗೆ ಚಿಕ್ಕಂದಿನಿಂದ ಮನಸ್ಸು. ಇಷ್ಟು ವರ್ಷಗಳ ಮೇಲೆ ನಂಬರು ತಿರುಗಿಸುತ್ತಾನೆ. ಎತ್ತಿದ್ದು ಪೀಟರ್‌ನ ತಾಯಿ. ತನ್ನ ಹೆಸರು ಹೇಳಿದರೆ ಆಕೆಗೆ ಗುರುತು ಸಿಗುವುದಿಲ್ಲ. ಆಗ ಅವನು ತನ್ನ ತಾಯಿಯ ಹೆಸರು ಹೇಳಿ, ಅವಳ ಮಗ ನಾನು ಎನ್ನಬೇಕಾಗುತ್ತದೆ. ದೊಡ್ಡ ನಗರದಲ್ಲಿ ತನ್ನ ಕಾಲಮೇಲೆ ನಿಂತು ಬದುಕುತ್ತಿರುವ ಗಂಡಸು ಒಂದೇ ಮಾತಿನಲ್ಲಿ ಹಿತ್ತಿಲ ಬಾಗಿಲಿನ ಹುಡುಗನಾಗಿಬಿಡುತ್ತಾನೆ. ಪೀಟರ್ ಹೊರಗೆ ಹೋಗಿದ್ದಾನಂತೆ. ಏನಾದರೂ ಹೇಳಬೇಕಿತ್ತೇ? ಏನಿಲ್ಲ, ಅಷ್ಟೇನೂ ಮುಖ್ಯವಲ್ಲ. ರಿಸೀವರ್ ಇಟ್ಟ ಮೇಲೆ ಬರ್ನಾರ್ಡ್ ಕುಸಿಯುತ್ತಾನೆ. ಯಾಕೆ ಮಾಡಿದೆ, ಯಾಕಾದರೂ ಮಾಡಿದೆ ಎಂದು ಉಳಿದ ನಾಟಕದುದ್ದಕ್ಕೂ ಗೊಣಗುತ್ತಲೇ ಇರುತ್ತಾನೆ. ನಮ್ಮ ಕಡೆಯ ಹಟ್ಟಿಯಿಂದ ಬಂದ ಯಾವನಿಗೂ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರ ಮನೆಯ ಯಾವ ಬಾಗಿಲಲ್ಲಿ ನಿಂತು ಕೂಗಬೇಕು ಎಂಬ ಲೆಕ್ಕ ನಮ್ಮ ಊರುಗಳಲ್ಲಿ ಪ್ರೀತಿಗಿಂತ ಮೊದಲೇ ಕಲಿಯುವ ಪಾಠ.

ತೊಂಬತ್ತರ ದಶಕದಲ್ಲಿ ನಾನು ಇಂಥ ಕರೆಗಳನ್ನು ಮಾಡುತ್ತಿದ್ದುದು ಬಿ.ಎಚ್. ರಸ್ತೆಯ ಒಂದು ಎಸ್‌ಟಿಡಿ ಬೂತಿನಿಂದ. ರಾತ್ರಿ ದರ ಇಳಿಯುವ ಹೊತ್ತಿಗೆ ಸರದಿ ಬೆಳೆಯುತ್ತಿತ್ತು. ಗಾಜಿನ ಬಾಗಿಲು ಹಾಕಿಕೊಂಡರೆ ಒಳಗೆ ಸೆಕೆ, ತೆರೆದರೆ ಸರದಿಯಲ್ಲಿದ್ದವರ ಕಿವಿ. ಕಣ್ಣಿನ ಮಟ್ಟಕ್ಕೆ ಒಂದು ಮೀಟರು, ಅದರಲ್ಲಿ ಕೆಂಪು ಅಂಕಿಗಳು ಓಡುತ್ತಿದ್ದವು. ಅವನು ನನ್ನ ಜೊತೆ ಓದಿದವನು, ಧಾರವಾಡದ ಕಡೆಗೆ ಕೆಲಸದ ಮೇಲೆ ಹೋಗಿದ್ದವನು, ಶನಿವಾರ ಭಾನುವಾರ ತನ್ನ ಊರಿಗೆ ಬರುತ್ತಿದ್ದವನು. ಎತ್ತುತ್ತಿದ್ದವರು ಅವನ ತಾಯಿ. “ಯಾರಪ್ಪ?” ಎಂದು ಕೇಳುತ್ತಿದ್ದರು. “ನಾನು ಅಮ್ಮಾ, ಅವನ ಸ್ನೇಹಿತ, ತುಮಕೂರಿನಿಂದ.” “ಊಟ ಆಯಿತಾ ಮಗು? ಅವನು ಅಂಗಡಿ ಕಡೆ ಹೋಗಿದ್ದಾನೆ. ಏನಾದರೂ ಹೇಳಬೇಕಾ?” ಆ ಕೆಂಪು ಅಂಕಿಗಳನ್ನೇ ನೋಡುತ್ತಾ “ಏನಿಲ್ಲ ಅಮ್ಮಾ, ಸುಮ್ಮನೆ ಮಾಡಿದೆ” ಎನ್ನುತ್ತಿದ್ದೆ. ಬೂತಿನವರು ಕರ್ರೆಂದು ಹರಿದು ಕೊಡುತ್ತಿದ್ದ ಚೀಟಿಯಲ್ಲಿ ಊರಿನ ಕೋಡು, ನಂಬರು, ಸಮಯ, ದುಡ್ಡು ಎಲ್ಲವೂ ಅಚ್ಚಾಗಿರುತ್ತಿತ್ತು. ಆ ಚೀಟಿ ಯಾರ ಕಣ್ಣಿಗೂ ಬೀಳದಂತೆ ಹರಿದು ಹಾಕುವುದು ನನ್ನ ರೂಢಿ. ಅವನ ತಾಯಿ ನನ್ನೊಂದಿಗೆ ಪ್ರೀತಿಯಿಂದಲೇ ಮಾತನಾಡುತ್ತಿದ್ದರು. ಮುಂದೆ ಮಗನ ಮದುವೆಗೆ ಅವರೇ ಫೋನ್ ಮಾಡಿ ಕರೆದರು. ಹೋಗಿದ್ದೆ, ಧಾರೆಯ ಹೊತ್ತಿಗೆ ಅಕ್ಷತೆಯನ್ನೂ ಹಾಕಿದೆ.

ಹೀಗಿರುವುದರಿಂದ ಎರಡೂ ಸಿನಿಮಾಗಳನ್ನು ನಾನು ಅಳೆಯುವುದು ಒಂದೇ ಅಳತೆಗೋಲಿನಿಂದ: ಫೋನಿನ ಆ ತುದಿಯನ್ನು ಏನು ಮಾಡಿದರು?

ಸಿನಿಮಾದವರಿಗೆ ಆ ತುದಿಗೆ ಹೋಗುವುದು ಸುಲಭ. ಒಂದು ಕಟ್ ಕೊಟ್ಟರೆ ಸಾಕು, ಪೀಟರ್‌ನ ತಾಯಿ ಸೋಫಾದ ಮೇಲೆ ಕೂತು ಮಾತನಾಡುವುದನ್ನು ತೋರಿಸಬಹುದು. ಫ್ರೀಡ್ಕಿನ್ ಹಾಗೆ ಮಾಡಲಿಲ್ಲ. ಸಿನಿಮಾದ ಆರಂಭದಲ್ಲಿ ಅವರು ಒಬ್ಬೊಬ್ಬರನ್ನೂ ನಗರದ ಬೀದಿಗಳಲ್ಲಿ, ಅಂಗಡಿಗಳಲ್ಲಿ ತೋರಿಸುತ್ತಾರೆ, ಮನೆಯ ತಾರಸಿಯ ಮೇಲೆ ಕುಣಿಸುತ್ತಾರೆ. ಮಳೆ ಸುರಿದು ಎಲ್ಲರೂ ಒಳಗೆ ಬಂದ ಮೇಲೆ ಕ್ಯಾಮೆರಾ ಹೊರಗೆ ಹೋಗುವುದೇ ಇಲ್ಲ. ಮುಂದೆ ‘ದಿ ಎಕ್ಸಾರ್ಸಿಸ್ಟ್’ ಮಾಡಿದ ನಿರ್ದೇಶಕರು ಇವರೇ. ಮುಚ್ಚಿದ ಕೋಣೆಯೊಳಗಿನ ಭಯ ಎಂಥದ್ದು ಎಂಬುದನ್ನು ಇಲ್ಲಿಯೇ ಅಭ್ಯಾಸ ಮಾಡಿದರೇನೋ ಎನ್ನಿಸುತ್ತದೆ. ಬೆವರು, ಸಿಗರೇಟಿನ ಹೊಗೆ, ಕೈಯಲ್ಲಿ ನಡುಗುವ ರಿಸೀವರ್. ಅಜ್ಜಿ ಹೇಳುತ್ತಿದ್ದ ಹತ್ತಿರದ ಮುಖ ಇಲ್ಲಿ ಸಿಗುತ್ತದೆ, ಜೊತೆಗೆ ನಾಟಕದ ದನಿಯೂ ಉಳಿದಿದೆ.

ಮಾಂಟೆಲೊ ಅವರ ಸಿನಿಮಾ ಹೆಚ್ಚು ಅಂದವಾಗಿದೆ, ನಟನೆಯೂ ಒಳ್ಳೆಯದು. ಜಿಮ್ ಪಾರ್ಸನ್ಸ್ ಅವರ ಮೈಕೆಲ್ ನಗುನಗುತ್ತಲೇ ಕತ್ತಿ ಮಸೆಯುವುದನ್ನು ಮರೆಯುವಂತಿಲ್ಲ. ಆದರೆ ಬರ್ನಾರ್ಡ್ ಪೀಟರ್‌ನ ನೆನಪು ತೆಗೆದಾಗ ಈ ಸಿನಿಮಾ ಹಳೆಯ ಕಾಲಕ್ಕೆ ಹೋಗಿ ಆ ನೆನಪನ್ನೇ ತೋರಿಸಿಬಿಡುತ್ತದೆ: ನೀರು, ಎಳೆಯ ಮೈಗಳು. ಅಲ್ಲಿ ನನಗೆ ಏನೋ ಕಳೆದುಕೊಂಡಂತಾಯಿತು. ಬರ್ನಾರ್ಡ್ ಆ ಕ್ಷಣವನ್ನು ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದು ಮಾತಿನಲ್ಲಿ ಒಮ್ಮೆ ಹೇಳಲೆಂದು. ಅದನ್ನು ನಮ್ಮ ಕಣ್ಣಿಗೂ ಹಂಚಿಬಿಟ್ಟರೆ ಅವನದ್ದೆಂದು ಏನುಳಿಯಿತು? ಚಿಕ್ಕ ವಯಸ್ಸಿನ ಗೆಳೆಯನೊಬ್ಬ ನನ್ನ ಈ ಮಾತನ್ನು ಒಪ್ಪುವುದಿಲ್ಲ. “ಅಣ್ಣಾ, ನಿಮ್ಮ ಕಾಲದವರಿಗೆ ಬಚ್ಚಿಟ್ಟುಕೊಂಡು ಅಭ್ಯಾಸವಾಗಿದೆ. ನಮಗೆ ಅದನ್ನು ನೋಡಬೇಕು. ಇಬ್ಬರು ಹುಡುಗರು ಸಂತೋಷವಾಗಿ ಈಜುವುದನ್ನು ತೆರೆಯ ಮೇಲೆ ನೋಡಬೇಕು” ಎನ್ನುತ್ತಾನೆ. ಅವನ ಮಾತಿನಲ್ಲಿ ಹುರುಳಿದೆ. ಆದರೂ ನನ್ನ ಮನಸ್ಸು ಫ್ರೀಡ್ಕಿನ್ ಕಡೆಗೇ ವಾಲುತ್ತದೆ.

ಈ ನಾಟಕವನ್ನು ಬೈದವರು ಬಹಳ ಮಂದಿ. ಅದು ಬಂದ ಮರುವರ್ಷ, 1969ರ ಜೂನ್‌ನಲ್ಲಿ, ನ್ಯೂಯಾರ್ಕಿನ ಸ್ಟೋನ್‌ವಾಲ್ ಬಾರಿನ ಮೇಲೆ ಪೊಲೀಸರು ದಾಳಿ ಮಾಡಿದಾಗ ಸಲಿಂಗಿಗಳು ತಿರುಗಿಬಿದ್ದರು. ಬೀದಿಯಲ್ಲಿ ತಲೆಯೆತ್ತಿ ನಡೆಯಲು ಹೊರಟವರಿಗೆ ಕೋಣೆಯೊಳಗೆ ತಮ್ಮನ್ನು ತಾವೇ ದ್ವೇಷಿಸಿಕೊಂಡು ಕುಡಿಯುವ ಈ ಗಂಡಸರು ಅವಮಾನವೆನಿಸಿದರು. ಸಿನಿಮಾ ತೆರೆಗೆ ಬರುವಷ್ಟರಲ್ಲಿ ಕಾಲ ಮುಂದೆ ಸರಿದಿತ್ತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಕ್ರೌಲಿ ಬರೆಯುವಾಗ ಇದ್ದ ಕಾಲವನ್ನೂ ನೋಡಬೇಕು. ನ್ಯೂಯಾರ್ಕಿನ ಕಾನೂನಿನಲ್ಲಿ ಅವರು ಅಪರಾಧಿಗಳು. ಅಮೆರಿಕದ ಮನೋವೈದ್ಯರ ಸಂಘದ ಪಟ್ಟಿಯಲ್ಲಿ ಅವರು ರೋಗಿಗಳು. ಆ ಪಟ್ಟಿಯಿಂದ ಸಲಿಂಗಕಾಮವನ್ನು ತೆಗೆದದ್ದು 1973ರಲ್ಲಿ. ಪೊಲೀಸರು, ವೈದ್ಯರು, ಪಾದ್ರಿಗಳು ಮೂವರೂ ಒಂದೇ ಮಾತು ಹೇಳುತ್ತಿರುವಾಗ ಮನುಷ್ಯ ಅದನ್ನು ಒಳಗೆ ಬಿಟ್ಟುಕೊಳ್ಳದೆ ಇರುತ್ತಾನೆಯೇ? ನಮ್ಮಲ್ಲಿ ಸಲಿಂಗಕಾಮವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮು 2018ರ ಸೆಪ್ಟೆಂಬರ್ 6ರಂದು ನಮ್ಮ ತಲೆಯ ಮೇಲಿಂದ ಇಳಿಯಿತು. 2009ರಲ್ಲಿ ದೆಹಲಿ ಹೈಕೋರ್ಟು ಇಳಿಸಿದ್ದನ್ನು 2013ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಹೊರಿಸಿತ್ತು. ಹಾಗೆ ಹೊತ್ತ ಭಾರದ ಗುರುತು ಹೆಗಲಿನಿಂದ ಒಂದೇ ದಿನಕ್ಕೆ ಮಾಯುವುದಿಲ್ಲ. ಆ ಗುರುತನ್ನು ಇದ್ದ ಹಾಗೆ ತೋರಿಸಿದ ಬರಹಗಾರನಿಗೆ ನಾನು ಋಣಿ.

ಬೈದವರು ಗಮನಿಸದೆ ಹೋದದ್ದು ಇನ್ನೊಂದಿದೆ. ಆಟ ಮುಗಿಯುವ ಹೊತ್ತಿಗೆ ಹೆರಾಲ್ಡ್ ಮೈಕೆಲ್‌ನ ಮುಖಕ್ಕೆ ಹೊಡೆದಂತೆ ಸತ್ಯ ನುಡಿಯುತ್ತಾನೆ: ನೀನು ಸಲಿಂಗಿ, ಹಾಗಿರಲು ನಿನಗೆ ಇಷ್ಟವಿಲ್ಲ, ಆದರೆ ಯಾವ ದೇವರ ಮುಂದೆ ಮೊರೆಯಿಟ್ಟರೂ ಸಾಯುವತನಕ ಅದೇ ಆಗಿರುತ್ತೀಯೆ. ಅದಕ್ಕಿಂತ ಕಠಿಣವಾದ ಮಾತು ನಾಟಕದಲ್ಲಿ ಬೇರೆ ಇಲ್ಲ. ಅದನ್ನು ಹೇಳಿ, ಕೋಟು ಹಾಕಿಕೊಂಡು, ಬಾಗಿಲ ಬಳಿ ನಿಂತು, ನಾಳೆ ಫೋನ್ ಮಾಡುತ್ತೇನೆ ಎಂದು ಹೊರಡುತ್ತಾನೆ. ಇಡೀ ರಾತ್ರಿ ಆಯುಧವಾಗಿದ್ದ ಫೋನು ಅಲ್ಲಿ ಮಾಮೂಲಿ ಫೋನಾಗುತ್ತದೆ. ಇವರ ಸ್ನೇಹ ಮುಂದುವರಿಯುತ್ತದೆ, ಇಂಥ ರಾತ್ರಿಗಳು ಹಿಂದೆಯೂ ಆಗಿವೆ ಎಂಬುದು ಆ ಒಂದು ಮಾತಿನಲ್ಲಿ ತಿಳಿದುಹೋಗುತ್ತದೆ. ಹ್ಯಾಂಕ್ ಮತ್ತು ಲ್ಯಾರಿಯ ಪ್ರಸಂಗವೂ ಹಾಗೆಯೇ. ಎಲ್ಲರೂ ಹಳೆಯ ಕಾಲದ ಯಾರಿಗೋ ಫೋನ್ ಮಾಡುತ್ತಿರುವಾಗ ಹ್ಯಾಂಕ್ ತಮ್ಮ ಮನೆಯ ಕರೆಗಳನ್ನು ಬರೆದಿಡುವ ಕಚೇರಿಗೆ ಫೋನ್ ಮಾಡಿ, ಪಕ್ಕದಲ್ಲಿಯೇ ಇರುವ ಲ್ಯಾರಿಯ ಹೆಸರಿಗೆ ಪ್ರೀತಿಯ ಸಂದೇಶ ಬಿಡುತ್ತಾನೆ. ಆಮೇಲೆ ಲ್ಯಾರಿ ಆ ಮನೆಯ ಇನ್ನೊಂದು ಲೈನಿನಿಂದ ಹ್ಯಾಂಕ್‌ಗೇ ಫೋನ್ ಮಾಡುತ್ತಾನೆ. ಇಡೀ ನಾಟಕದಲ್ಲಿ ಎರಡೂ ತುದಿಗಳು ನಮಗೆ ಕಾಣಿಸುವ ಕರೆ ಇದೊಂದೇ.

1970ರ ಸಿನಿಮಾವನ್ನು ಈಗ ನೋಡಲು ಕೂತರೆ ಎದೆ ಭಾರವಾಗುತ್ತದೆ. ಆ ಒಂಬತ್ತು ನಟರಲ್ಲಿ ಐವರನ್ನು ಏಡ್ಸ್ ಒಯ್ದಿತು: ಮೈಕೆಲ್ ಆಗಿದ್ದ ಕೆನೆತ್ ನೆಲ್ಸನ್, ಹೆರಾಲ್ಡ್ ಆಗಿದ್ದ ಲೆನಾರ್ಡ್ ಫ್ರೇ, ಡೊನಾಲ್ಡ್ ಆಗಿದ್ದ ಫ್ರೆಡರಿಕ್ ಕೂಂಬ್ಸ್, ಲ್ಯಾರಿ ಆಗಿದ್ದ ಕೀತ್ ಪ್ರೆಂಟಿಸ್, ಉಡುಗೊರೆಯ ಹುಡುಗನಾಗಿದ್ದ ರಾಬರ್ಟ್ ಲಾ ಟೂರ್ನೋ. ಲಾ ಟೂರ್ನೋ ಅವರ ಕೊನೆಯ ದಿನಗಳಲ್ಲಿ ಆರೈಕೆ ಮಾಡಿದವರು ಎಮರಿಯ ಪಾತ್ರ ಮಾಡಿದ್ದ ಕ್ಲಿಫ್ ಗೋರ್ಮನ್ ಮತ್ತು ಅವರ ಹೆಂಡತಿ. ಗೋರ್ಮನ್ ಸಲಿಂಗಿಯಲ್ಲ. ನಾಟಕದ ಪಾತ್ರ ಮುಗಿದು ಎಷ್ಟೋ ವರ್ಷಗಳಾದ ಮೇಲೂ ಆ ಬಳಗ ಬಳಗವಾಗಿಯೇ ಇತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸಿನಿಮಾ ಮಾಡದೆ ಇದ್ದಿದ್ದರೆ ಆ ದನಿಗಳೆಲ್ಲ ಹೋಗಿಬಿಡುತ್ತಿದ್ದವು. ನಾಟಕ ತೆರೆಗೆ ಹೋದರೆ ಕಳೆದುಕೊಳ್ಳುವುದನ್ನು ಎಣಿಸುವ ನಾನು ಈ ಒಂದು ವಿಷಯದಲ್ಲಿ ಕ್ಯಾಮೆರಾಕ್ಕೆ ಕೈಮುಗಿಯುತ್ತೇನೆ. ಕ್ರೌಲಿ ತೀರಿಕೊಂಡದ್ದು 2020ರ ಮಾರ್ಚ್‌ನಲ್ಲಿ, ಎರಡನೆಯ ಸಿನಿಮಾ ಬಿಡುಗಡೆಯಾಗುವ ಕೆಲವು ತಿಂಗಳ ಮೊದಲು.

ಇಷ್ಟು ದೂರ ಹೋಗುವುದೇಕೆ, ಎಪ್ಪತ್ತು ಕಿಲೋಮೀಟರ್ ಆಚೆಯ ಬೆಂಗಳೂರಿನಲ್ಲೇ ಇಂಥದ್ದು ಆಗಿದೆ. ಮಹೇಶ್ ದತ್ತಾನಿ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು, ಇಂಗ್ಲಿಷಿನಲ್ಲಿ ನಾಟಕ ಬರೆದು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಅವರ ‘ಆನ್ ಎ ಮಗ್ಗಿ ನೈಟ್ ಇನ್ ಮುಂಬೈ’ 1998ರಲ್ಲಿ ರಂಗಕ್ಕೆ ಬಂತು. 2002ರಲ್ಲಿ ಅವರೇ ಅದನ್ನು ‘ಮ್ಯಾಂಗೊ ಸುಫ್ಲೆ’ ಎಂಬ ಸಿನಿಮಾ ಮಾಡಿದರು. ಇಲ್ಲಿಯೂ ಗೆಳೆಯರ ಕೂಟ, ಇಲ್ಲಿಯೂ ಒಂದು ಗುಟ್ಟು. ಕಮಲೇಶ್‌ನನ್ನು ಬಿಟ್ಟುಹೋದ ಪ್ರಕಾಶ್ ಎಡ್ ಎಂಬ ಹೆಸರಿನಲ್ಲಿ ಕಮಲೇಶ್‌ನ ಸೋದರಿಯನ್ನೇ ಮದುವೆಯಾಗಲು ಹೊರಟಿದ್ದಾನೆ. ಸೋದರಿ ಕಿರಣ್‌ಗೆ ಏನೂ ತಿಳಿಯದು. ಕಮಲೇಶ್, ಪ್ರಕಾಶ್ ಇಬ್ಬರೂ ಜೊತೆಗಿರುವ ಒಂದು ಫೋಟೊ ಮಾತ್ರ ಉಳಿದುಬಿಟ್ಟಿದೆ.

ನಾಟಕದಲ್ಲಿ ಈ ಕೂಟ ನಡೆಯುವುದು ಮುಂಬೈನ ಮಹಡಿ ಮನೆಯಲ್ಲಿ. ಕೆಳಗಿನ ಕಾಂಪೌಂಡಿನಲ್ಲಿ ಯಾರದ್ದೋ ಮದುವೆ. ಬ್ಯಾಂಡಿನ ಸದ್ದು ಬಿಟ್ಟೂ ಬಿಡದೆ ಮೇಲೆ ಬರುತ್ತಿರುತ್ತದೆ. ಫೋಟೊ ಕಿಟಕಿಯಿಂದ ಹಾರಿಹೋಗಿ ಆ ಮದುವೆ ಮನೆಯಲ್ಲೇ ಬೀಳುತ್ತದೆ. ಇದನ್ನು ಓದಿದಾಗ ನನ್ನ ಕಿವಿಯಲ್ಲಿ ಮೊಳಗಿದ್ದು ನಮ್ಮ ಬೀದಿಯ ಛತ್ರ. ವೈಶಾಖ ಬಂತೆಂದರೆ ದಿನ ಬಿಟ್ಟು ದಿನ ವಾಲಗ, ಆರತಕ್ಷತೆಯ ಆರ್ಕೆಸ್ಟ್ರಾ, ಬಾಗಿಲಿಗೆ ಬಾಳೆಕಂದು. ಆ ಸದ್ದಿನ ನಡುವೆಯೇ ನೆಂಟರ ಪ್ರಶ್ನೆ: “ನಿನ್ನದು ಯಾವಾಗಪ್ಪ?” ಅಮೆರಿಕದ ನಾಟಕದಲ್ಲಿ ಪೊಲೀಸರ, ಪಾದ್ರಿಗಳ ಭಯವಿದ್ದರೆ ಇಲ್ಲಿ ಭಯಪಡಿಸಲು ಒಂದು ಮದುವೆ ಸಾಕು. ದತ್ತಾನಿಯವರು ಇದನ್ನು ಕಂಡುಕೊಂಡದ್ದು ದೊಡ್ಡ ಸಂಗತಿ. ತನ್ನ ಪ್ರೀತಿಯನ್ನು ಹೂತು ಇನ್ನೊಬ್ಬಳ ಬದುಕಿನ ಮೇಲೆ ಮನೆ ಕಟ್ಟಲು ಹೊರಟವನ ಕಥೆಯನ್ನು ಹೇಳುವಾಗ ಆ ಇನ್ನೊಬ್ಬಳನ್ನು ಅವರು ಮರೆತಿಲ್ಲ. ನಾನು ಅಕ್ಷತೆ ಹಾಕಿದ ಮದುವೆಯ ವಧುವಿನ ಮುಖ ಆ ನಾಟಕ ಓದುವಾಗ ಮತ್ತೆಮತ್ತೆ ಕಣ್ಣೆದುರು ಬಂತು. ಆಕೆಗೂ ಯಾರೂ ಏನೂ ಹೇಳಿರಲಿಲ್ಲ.

ಸಿನಿಮಾದಲ್ಲಿ ಕೂಟ ಬೆಂಗಳೂರಿನ ಹೊರವಲಯದ ತೋಟದ ಮನೆಗೆ ಹೋಗುತ್ತದೆ. ಹಗಲು, ಗಾಳಿ, ಹಸಿರು. ನಮ್ಮಂಥವರ ಕಥೆ ಇಷ್ಟು ಬೆಳಕಿನಲ್ಲಿ ನಡೆಯಿತಲ್ಲ ಎಂದು ಖುಷಿಯಾಗುತ್ತದೆ. 2002ರಲ್ಲಿ, ಕಾನೂನು ಇನ್ನೂ ಬೆನ್ನ ಮೇಲಿದ್ದಾಗ, ಇದನ್ನು ಮಾಡಲು ಗುಂಡಿಗೆ ಬೇಕಿತ್ತು. ಆದರೆ ತೋಟದ ಮನೆಯೆಂದರೆ ದುಡ್ಡಿರುವವರ ಏಕಾಂತ. ಅಕ್ಕಪಕ್ಕದವರ ಕಣ್ಣು, ಮೆಟ್ಟಿಲ ಮೇಲೆ ಯಾರದ್ದೋ ಹೆಜ್ಜೆ, ಕೆಳಗಿನಿಂದ ಬರುವ ಮದುವೆಯ ಹಾಡು, ಇವುಗಳ ಒತ್ತಡ ಮಹಡಿ ಮನೆಯಲ್ಲಿದ್ದಷ್ಟು ಅಲ್ಲಿ ಇರಲಾರದು.

ಇಂಥ ನಾಟಕ ನಮ್ಮ ಕಡೆಯ ಜನಕ್ಕೆ ಒಗ್ಗುವುದಿಲ್ಲ ಎನ್ನುವವರಿದ್ದಾರೆ. ಅವರಿಗೆ ನಾನು ನಮ್ಮ ಹಳ್ಳಿಗಳ ‘ಕುರುಕ್ಷೇತ್ರ’ವನ್ನು ನೆನಪಿಸುತ್ತೇನೆ. ತುಮಕೂರು, ಕೋಲಾರದ ಕಡೆ ಈಗಲೂ ರೈತರು, ಲಾರಿ ಡ್ರೈವರುಗಳು, ಮೇಷ್ಟ್ರುಗಳು ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಸೀನರಿ ಬಾಡಿಗೆಗೆ ತಂದು ರಾತ್ರಿಯಿಡೀ ಆಡುತ್ತಾರೆ. ನಮ್ಮೂರಿನಲ್ಲಿ ದುರ್ಯೋಧನ ಕರ್ಣನ ಹೆಣದ ಮುಂದೆ ಕೂತು, ನೀನಿಲ್ಲದ ಈ ರಾಜ್ಯ ನನಗೇಕೆ ಎಂದು ಹಾಡುವಾಗ ‘ಒನ್ಸ್ ಮೋರ್’ ಕೂಗು ಏಳುತ್ತಿತ್ತು. ದುರ್ಯೋಧನನ ಪಾತ್ರ ಮಾಡುತ್ತಿದ್ದವರು ಮಾತು ಕಡಿಮೆಯ, ಮೀಸೆಯ ಆಳು. ಆ ಹಾಡಿಗೆ ಬಂದಾಗ ಬಣ್ಣ ಕರಗುವಂತೆ ಅಳುತ್ತಿದ್ದರು. ಮೂಗೊರೆಸಿಕೊಳ್ಳದ ಗಂಡಸು ಆ ಜಮಖಾನದ ಮೇಲೆ ಇರುತ್ತಿರಲಿಲ್ಲ. ಸಾವಿರ ವರ್ಷದ ಹಿಂದೆ ರನ್ನ ಬರೆದ ದುರ್ಯೋಧನನೂ ಕರ್ಣನಿಗಾಗಿ ಹೀಗೆಯೇ ಗೋಳಾಡಿದ. ಅವರಿಬ್ಬರು ಸಲಿಂಗಿಗಳೆಂದು ನಾನು ಹೇಳುತ್ತಿಲ್ಲ. ಗಂಡಸು ಗಂಡಸಿಗಾಗಿ ಎದೆ ಬಿರಿಯುವಂತೆ ಅಳುವುದನ್ನು ಬೆಳಗಿನ ಜಾವದವರೆಗೆ ಕೂತು ನೋಡುವ ಜನ ನಮ್ಮವರು. ಅವರ ಎದೆಯನ್ನು ಕಿರಿದೆಂದು ಮೊದಲೇ ತೀರ್ಮಾನಿಸುವವರ ಮೇಲೆ ನನಗೆ ಸಿಟ್ಟಿದೆ.

ಈಗ ನಾವು ಕೆಲವರು ಸೇರಿ ‘ದಿ ಬಾಯ್ಸ್ ಇನ್ ದಿ ಬ್ಯಾಂಡ್’ನ ಫೋನಿನ ಪ್ರಸಂಗವನ್ನು ಎದುರಿಗಿಟ್ಟುಕೊಂಡು ನಮ್ಮದೇ ಒಂದು ಕನ್ನಡ ನಾಟಕ ಬರೆಯುತ್ತಿದ್ದೇವೆ. ಭಾನುವಾರ ಸಂಜೆ ಎಸ್.ಎಸ್. ಪುರಂನ ಒಬ್ಬರ ಮನೆಯಲ್ಲಿ ಕೂತು ಓದುತ್ತೇವೆ. ನಮ್ಮ ಸಲಿಂಗಿ ಸಮುದಾಯದ ಹುಡುಗರಿದ್ದಾರೆ, ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ, ಗೃಹಿಣಿಯೊಬ್ಬರು ತಮ್ಮ ಮಗನಿಗಾಗಿ ಬರುತ್ತಾರೆ. ನಮ್ಮ ಬರ್ನಾರ್ಡ್ ಹಟ್ಟಿಯ ಹುಡುಗ. ಗೌಡರ ಮನೆಗೆ ಫೋನ್ ಮಾಡುತ್ತಾನೆ. “ಅಮ್ಮಾವ್ರೇ, ನಾನು, ನಿಮ್ಮ ಮನೆಗೆ ಬಟ್ಟೆ ಒಗೆಯಲು ಬರುತ್ತಿದ್ದವಳ ಮಗ” ಎಂಬ ಮಾತನ್ನು ಓದಿದ ಹುಡುಗ ಅಲ್ಲಿಗೇ ನಿಲ್ಲಿಸಿ ನೀರು ಕೇಳಿದ.

ಕಾಲ ಯಾವುದಿರಬೇಕು ಎಂಬ ಚರ್ಚೆ ಬಹಳ ದಿನ ನಡೆಯಿತು. ಹುಡುಗರಿಗೆ ಈಗಿನ ಕಾಲವೇ ಬೇಕಿತ್ತು: ಮೊಬೈಲು, ವಾಟ್ಸ್‌ಆ್ಯಪ್, ಬ್ಲಾಕ್ ಮಾಡಿದ ನಂಬರು. ಆದರೆ ಮೊಬೈಲಾದರೆ ಕರೆ ನೇರವಾಗಿ ಅವನಿಗೇ ಹೋಗುತ್ತದೆ, ತಾಯಿ ಎತ್ತುವುದಿಲ್ಲ. ತಾಯಿ ಎತ್ತದಿದ್ದರೆ “ಏನಾದರೂ ಹೇಳಬೇಕಾ?” ಎಂದು ಕೇಳುವವರು ಯಾರು? ಮಗನಿಗಾಗಿ ಬರುವ ಆ ಗೃಹಿಣಿಯೇ ಇದನ್ನು ಬಗೆಹರಿಸಿದರು. ತಾಯಿ ಎತ್ತಲೇಬೇಕು ಎಂದರು. ಹಾಗಾಗಿ ನಮ್ಮ ನಾಟಕ 1996ರ ತುಮಕೂರಿನಲ್ಲಿ, ನಡುಮನೆಯ ಮೂಲೆಯಲ್ಲಿ ಕಸೂತಿ ಹಾಕಿದ ಬಟ್ಟೆ ಹೊದಿಸಿದ ಫೋನಿರುವ ಮನೆಯಲ್ಲಿ ನಡೆಯುತ್ತದೆ. ಎರಡನೆಯ ಅಂಕದ ಅರ್ಧ ಬರೆದಾಗಿದೆ. ಅಲನ್‌ನ ಪಾತ್ರದವನು ಕೊನೆಯಲ್ಲಿ ಹೆಂಡತಿಗೆ ಫೋನ್ ಮಾಡಬೇಕೋ, ಹೆಂಡತಿಯೇ ಅವನಿಗೆ ಫೋನ್ ಮಾಡಬೇಕೋ ಎಂಬುದು ತೀರ್ಮಾನವಾಗಬೇಕು. ಹೆಂಡತಿಯೇ ಮಾಡಲಿ, ಅವಳ ಮಾತನ್ನೂ ನಾಲ್ಕು ಜನ ಕೇಳಲಿ ಎಂದು ನಾನು ಪಟ್ಟು ಹಿಡಿದಿದ್ದೇನೆ.